ಬಾಯಿಲ್ಲದ್ದರ ಋಣ

ಜೀವವಿಲ್ಲದ ವಸ್ತುವಿಗೆ ನಾವು ಏನಾದರೂ ಬಾಕಿ ಇದ್ದೇವೆಯೇ? ಪ್ರಶ್ನೆ ಕೇಳಿದ ಕೂಡಲೇ ನಗು ಬರುತ್ತದೆ. ಮಿಕ್ಸಿಗೆ ಏನು ಋಣ, ಕುಕ್ಕರಿಗೆ ಏನು ಋಣ? ದುಡ್ಡು ಕೊಟ್ಟು ತಂದದ್ದು, ನಡೆಯುವಷ್ಟು ದಿನ ನಡೆಯುತ್ತದೆ, ಆಮೇಲೆ ಗುಜರಿಯವನು ಬಂದಾಗ ತೂಕಕ್ಕೆ ಹಾಕಿದರಾಯಿತು. ಹಸುವಿಗೆ, ನಾಯಿಗೆ ನಾವು ಋಣಿಗಳು ಎಂದರೆ ಒಪ್ಪುತ್ತೇವೆ. ಅವಕ್ಕೆ ಹಸಿವೆಯುಂಟು, ನೋವುಂಟು. ಕಬ್ಬಿಣಕ್ಕೆ ಏನುಂಟು?

ಆದರೂ ನಮ್ಮ ಹಿರಿಯರು ಕಾಲು ತಾಗಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒನಕೆಯನ್ನು ದಾಟಲು, ಮೊರವನ್ನು ತುಳಿಯಲು ಮಕ್ಕಳನ್ನು ಬಿಡುತ್ತಿರಲಿಲ್ಲ. ಅದೆಲ್ಲ ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಕಳೆದ ಕೆಲವು ವರ್ಷಗಳಿಂದ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟು ಕೂತಿರುವುದು ಪುಸ್ತಕವೂ ಅಲ್ಲ, ಒನಕೆಯೂ ಅಲ್ಲ. ನಮ್ಮ ಖಾಲಿ ಹಟ್ಟಿಯ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿರುವ ಒಂದು ಸಣ್ಣ ಪೆಟ್ರೋಲ್ ಟಿಲ್ಲರ್.

ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕೋಟ ದಾಟಿದ ಮೇಲೆ, ಕುಂಭಾಶಿಯ ಆನೆಗುಡ್ಡೆ ಬರುವ ಮೊದಲು ಸಿಗುವ ಪೇಟೆಯೇ ನಮ್ಮ ತೆಕ್ಕಟ್ಟೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಮಲ್ಯಾಡಿ, ಕೆದೂರುಗಳ ಬೈಲು. ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ನೆಲಗಡಲೆ, ಉದ್ದು. ಮನೆಯ ಹಿತ್ತಿಲಲ್ಲಿ ಹರಿವೆ, ಬೆಂಡೆ, ಅಲಸಂಡೆ. ಇದು ಈ ಕಡೆಯ ಹಳೆಯ ಕ್ರಮ. ಈಗ ಊರಿನ ಗಂಡಸರು ಬೆಂಗಳೂರು, ಮುಂಬಯಿಯ ಹೋಟೆಲುಗಳಿಗೆ, ಹೆಂಗಸರು ಗೇರುಬೀಜದ ಕಾರ್ಖಾನೆಗಳಿಗೆ ಹೋಗುತ್ತಾರೆ. ಅರ್ಧ ದಿನದ ಹೂಟೆಗೆ ಆಳು ಹುಡುಕಲು ಎರಡು ದಿನ ಬೇಕು. ದೊಡ್ಡ ಟಿಲ್ಲರಿನವರಿಗೆ ನಮ್ಮ ಮೂವತ್ತು ಸೆಂಟ್ಸಿನ ಹಿತ್ತಿಲಿಗೂ ಒಂದು ತುಂಡು ಬೆಟ್ಟುಗದ್ದೆಗೂ ಬರುವುದು ಗಿಟ್ಟುವುದಿಲ್ಲ. ನಮ್ಮ ಮನೆಯವರಿಗೆ ಬೆನ್ನುನೋವು, ಭಾರದ ಕೆಲಸ ಕೂಡದು ಎಂದು ಡಾಕ್ಟರರ ಕಟ್ಟಪ್ಪಣೆ. ಹೀಗಾಗಿ 2019ರಲ್ಲಿ ಈ ಯಂತ್ರ ಮನೆಗೆ ಬಂತು. ನಡೆಸುವ ಕೆಲಸ ನನ್ನ ಪಾಲಿಗೆ ಬಂತು.

ಬಂದದ್ದು ಮಾತ್ರ ನನ್ನ ಹೆಸರಿಗಲ್ಲ. ಸಹಾಯಧನದ ಅರ್ಜಿಗೆ ಪಹಣಿ ಬೇಕು, ಪಹಣಿಯಲ್ಲಿರುವುದು ಅವರ ಹೆಸರು. ಅರ್ಜಿಯೂ ಅವರದೇ, ಬಿಲ್ಲೂ ಅವರದೇ, ಗ್ಯಾರಂಟಿ ಕಾರ್ಡಿನ ಮೇಲಿನ ಹೆಸರೂ ಅವರದೇ. ಅಂಗಡಿಯ ಹುಡುಗ ಯಂತ್ರ ನಡೆಸುವ ಬಗೆಯನ್ನೆಲ್ಲ ಅವರಿಗೇ ವಿವರಿಸಿದ. ನಾನು ಪಕ್ಕದಲ್ಲಿ ನಿಂತು, ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದ ಹಾಗೆ, ಗಮನವಿಟ್ಟು ಕೇಳಿಸಿಕೊಂಡೆ.

ಈ ಯಂತ್ರದ ಮೂಲ ಬಹಳ ದೂರದ್ದು. ಆಸ್ಟ್ರೇಲಿಯಾದ ರೈತನ ಮಗ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬವನು 1912ರಲ್ಲಿ ತಂದೆಯ ಹೊಲದಲ್ಲಿ, ಎಂಜಿನ್ನಿನಿಂದ ತಿರುಗುವ ಅಲಗುಗಳು ಮಣ್ಣನ್ನು ಹದಮಾಡಬಲ್ಲವೇ ಎಂದು ಪರೀಕ್ಷಿಸಿದ. ಮೊದಲು ಮಣ್ಣು ಪಕ್ಕಕ್ಕೆ ಎರಚಿಹೋಗುತ್ತಿತ್ತು. ಅಲಗಿನ ತುದಿಯನ್ನು ಬಗ್ಗಿಸಿದಾಗ ಹದಕ್ಕೆ ಬಂತು. ಇಂದಿಗೂ ನಮ್ಮ ಯಂತ್ರದ ಅಲಗುಗಳು ಹಾಗೆ ಬಾಗಿದವೇ. ನೇಗಿಲು ನೆಲವನ್ನು ಸೀಳಿಕೊಂಡು ಹೋದರೆ ಇದು ಕೊಚ್ಚಿಕೊಂಡು ಹೋಗುತ್ತದೆ. ಬಲವನ್ನು ಅಳೆಯುವುದು ಅಶ್ವಶಕ್ತಿಯಲ್ಲಿ; ನಮ್ಮ ಕೆಸರುಗದ್ದೆಗೆ ಎಂದೂ ಇಳಿಯದ ಕುದುರೆಗೆ ಆ ಗೌರವ. ಇಳಿದ ಕೋಣಗಳ ಹೆಸರು ಎಲ್ಲೂ ಇಲ್ಲ.

ನಡೆಸುವುದು ಕಷ್ಟವಿಲ್ಲ. ಸೀರೆಯಲ್ಲಿ ಮಾತ್ರ ನಡೆಸಕೂಡದು. ಸೆರಗಿನ ತುದಿ ಅಲಗಿಗೆ ಸಿಕ್ಕರೆ ಎಳೆದುಕೊಳ್ಳಲು ಒಂದು ಕ್ಷಣ ಸಾಕು. ಮಗನ ಹಳೆಯ ಪ್ಯಾಂಟು, ಕಾಲಿಗೆ ಗಟ್ಟಿ ಬೂಟು ಹಾಕಿ ನಾನು ಹಿತ್ತಿಲಿಗಿಳಿದ ಮೊದಲ ಶನಿವಾರ ಬೇಲಿಯಾಚೆಯಿಂದ ಒಂದು ದನಿ ಕೇಳಿಸಿತು: "ಟೀಚರ್ ಪ್ಯಾಂಟ್ ಹಾಯ್ಕಂಡ್ ಹೂಡ್ತಾ ಇದ್ರ್ ಕಾಣಿ!" ಎರಡು ವಾರ ಕಳೆದ ಮೇಲೆ ಅದೇ ದನಿ, "ಟೀಚರೇ, ನಮ್ಮ್ ಹಿತ್ಲಿಗೂ ಒಂದ್ಸಲ ಬರ್ಲಕ್ಕಾ?" ಎಂದು ಕೇಳಿತು. ಊರು ಬಾಯಿಮಾತಿನಲ್ಲಿ ಎಷ್ಟು ಕಠಿಣವೋ ಅಗತ್ಯದಲ್ಲಿ ಅಷ್ಟೇ ಉದಾರ.

ಕಷ್ಟವಿರುವುದು ನಡೆಸಿದ ಮೇಲೆ. ಅಲಗು ನಿಂತ ಕೂಡಲೇ ಕೈ ತೊಳೆದು ಒಳಗೆ ಹೋಗುವ ಹಾಗಿಲ್ಲ. ಮೊದಲು ಪ್ಲಗ್ಗಿನ ಟೊಪ್ಪಿ ಕಳಚಬೇಕು, ಯಂತ್ರ ತಪ್ಪಿಯೂ ಚಾಲೂ ಆಗದ ಹಾಗೆ. ಆಮೇಲೆ ಅಲಗುಗಳಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯಬೇಕು. ದಂಡಕ್ಕೆ ಸುತ್ತಿಕೊಂಡ ಹುಲ್ಲು, ಬಾಳೆನಾರು, ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಹಗ್ಗ ಇವನ್ನು ಕತ್ತರಿಸಿ ತೆಗೆಯಬೇಕು; ಬಿಟ್ಟರೆ ಅದು ದಿನದಿಂದ ದಿನಕ್ಕೆ ಬಿಗಿದು ಒಳಗಿನ ರಬ್ಬರ್ ಸೀಲನ್ನು ತಿನ್ನುತ್ತದೆ, ಗೇರ್ ಪೆಟ್ಟಿಗೆಯ ಎಣ್ಣೆ ಸೋರತೊಡಗುತ್ತದೆ. ಏರ್ ಫಿಲ್ಟರಿನ ಸ್ಪಂಜನ್ನು ಸಾಬೂನು ನೀರಿನಲ್ಲಿ ಹಿಂಡಿ ಒಣಗಿಸಿ, ನಾಲ್ಕು ಹನಿ ಎಣ್ಣೆ ಸವರಿ ಮತ್ತೆ ಕೂರಿಸಬೇಕು. ಅದು ಯಂತ್ರದ ಮೂಗು; ಮೂಗು ಕಟ್ಟಿದರೆ ಉಸಿರಿಲ್ಲ. ಎಂಜಿನ್ ಎಣ್ಣೆಯನ್ನು ಪ್ರತಿ ಸಲ ಹೊರಡಿಸುವ ಮೊದಲು ಸಮತಟ್ಟು ನೆಲದ ಮೇಲೆ ನಿಲ್ಲಿಸಿ ನೋಡಬೇಕು. ಹೊಸ ಎಣ್ಣೆ ಜೇನಿನ ಬಣ್ಣ, ದುಡಿದ ಎಣ್ಣೆ ಕಷಾಯದ ಬಣ್ಣ. ಮೊದಲ ಇಪ್ಪತ್ತು ಗಂಟೆ ಓಡಿದ ಮೇಲೆ ಒಮ್ಮೆ, ಅನಂತರ ನೂರು ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಿ ಎಂದು ನಮ್ಮ ಯಂತ್ರದ ಪುಸ್ತಿಕೆ ಹೇಳುತ್ತದೆ. ತೆಗೆದ ಕರಿ ಎಣ್ಣೆಯನ್ನು ನೆಲಕ್ಕೆ ಚೆಲ್ಲುವಂತಿಲ್ಲ; ನಮ್ಮದು ಮರಳು ನೆಲ, ಬಾವಿ ಹತ್ತು ಹೆಜ್ಜೆ ದೂರದಲ್ಲಿದೆ. ಅದನ್ನು ಡಬ್ಬಿಯಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದ ಉಪಚಾರ ಕೆಲಸವಿಲ್ಲದ ದಿನಗಳದ್ದು. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮಳೆಗಾಲವಿಡೀ ಮೂಲೆಗೆ ನಿಲ್ಲಿಸಿದರೆ ಅದು ಅಂಟಾಗಿ ಕಾರ್ಬೊರೇಟರಿನ ಕೂದಲೆಳೆಯಂಥ ತೂತುಗಳನ್ನು ಮುಚ್ಚುತ್ತದೆ. ಈಗಂತೂ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ; ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿ. ವರ್ಷಕ್ಕೆ 4,000 ಮಿಲ್ಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ, ಉಳಿದ ದಿನಗಳಲ್ಲಿ ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರವೇ? ಟ್ಯಾಂಕು ಬರಿದುಮಾಡಿ, ಪೈಪಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ, ಕಬ್ಬಿಣದ ಮೈಗೆ ಎಣ್ಣೆಬಟ್ಟೆ ಸವರಿ ಇಡಬೇಕು. ನಮ್ಮ ಸಂಬಂಧಿಕರೊಬ್ಬರ ಮನೆಯ ಇಂಥದೇ ಯಂತ್ರ ಎರಡು ಮಳೆಗಾಲ ಹಾಗೆಯೇ ನಿಂತಿತ್ತು. ಮೂರನೆಯ ವರ್ಷ ಹಗ್ಗ ಎಳೆದೆಳೆದು ಭುಜ ನೋಯಿಸಿಕೊಂಡು, "ದರಿದ್ರ ಮಾಲು" ಎಂದು ಬೈದು ಗುಜರಿಗೆ ಹಾಕಿದರು. ಬೈಗುಳ ಯಂತ್ರದ ಪಾಲಿಗೇ ಬಂತು. ಸಾಕ್ಷಿ ಹೇಳಲು ಅದಕ್ಕೆ ಬಾಯಿಲ್ಲವಲ್ಲ!

ಇಲ್ಲೇ ನನ್ನ ಪ್ರಶ್ನೆ ಹುಟ್ಟುವುದು. ನಮ್ಮ ಹಟ್ಟಿಯಲ್ಲಿ ಹಿಂದೆ ಒಂದು ಜೊತೆ ಕೋಣಗಳಿದ್ದವು. ನಾನು ಮದುವೆಯಾಗಿ ಬಂದಾಗ ಅವಕ್ಕೆ ಹುರುಳಿ ಬೇಯಿಸಿ, ಅಕ್ಕಚ್ಚು ಇಟ್ಟು, ಮೈತೊಳೆಸುವ ಉಸ್ತುವಾರಿಯೆಲ್ಲ ಅತ್ತೆಯದು. ಹೊತ್ತು ಮೀರಿದರೆ ಕೋಣ ಗೂಟ ಕೀಳುವ ಹಾಗೆ ತಲೆ ಆಡಿಸುತ್ತಿತ್ತು, ಒರಲುತ್ತಿತ್ತು. ಕರ್ತವ್ಯವನ್ನು ನೆನಪಿಸುವ ಕೆಲಸವನ್ನು ಅದು ತಾನೇ ವಹಿಸಿಕೊಂಡಿತ್ತು. ಯಂತ್ರ ಹಾಗಲ್ಲ. ಹಸಿದರೂ ತಣ್ಣಗೆ ನಿಂತಿರುತ್ತದೆ. ಎಣ್ಣೆ ತಳ ಮುಟ್ಟಿದರೂ ದುಡಿಯುತ್ತಲೇ ಇರುತ್ತದೆ. ಅದು ಮಾತಾಡುವುದು ಒಂದೇ ಸಲ, ಮುರಿದಾಗ. ಈಗ ಎಂಬತ್ತೇಳರ ಅತ್ತೆ ಮೊದಮೊದಲು "ಹೆಂಗ್ಸ್ರ್ ನೊಗ ಮುಟ್ಟೂಕಾಗ" ಎಂದು ಗೊಣಗಿದವರು, ಜಗಲಿಯಲ್ಲಿ ಕೂತು ನಾನು ಯಂತ್ರ ತೊಳೆಯುವುದನ್ನು ನೋಡಿ ನೋಡಿ ಒಂದು ದಿನ ಹೇಳಿದರು: "ಬಾಯಿ ಇಲ್ದಿದ್ದನ್ನ್ ನಾವೇ ಕಾಣ್ಕ್." ಬಾಯಿಲ್ಲದ್ದನ್ನು ನಾವೇ ನೋಡಿಕೊಳ್ಳಬೇಕು. ಆ ಒಂದು ಮಾತಿನಲ್ಲಿ ನನ್ನ ಪ್ರಶ್ನೆಯೂ ಇದೆ, ಅರ್ಧ ಉತ್ತರವೂ ಇದೆ.

ಉಳಿದ ಅರ್ಧಕ್ಕೆ ವಾದ ಮಾಡಲೇಬೇಕು. ನಮ್ಮ ಮನೆಯವರದು ಲೆಕ್ಕದ ತಲೆ. "ನೀನು ವಾರಕ್ಕೆ ಒಂದು ಗಂಟೆ ಅದನ್ನು ತಿಕ್ಕುತ್ತೀಯ. ನಿನ್ನ ಒಂದು ಗಂಟೆಗೆ ಬೆಲೆಯಿಲ್ಲವೇ? ನಾಲ್ಕು ವರ್ಷಕ್ಕೆ ಹಾಳಾದರೆ ಇನ್ನೊಂದು ತಂದರಾಯಿತು" ಎನ್ನುತ್ತಾರೆ. ಮಾತು ಸುಳ್ಳಲ್ಲ. ಹೆಂಗಸರ ಹೊತ್ತಿಗೆ ಬೆಲೆ ಕಟ್ಟುವ ಗಂಡಸರು ಇರುವುದೇ ಅಪರೂಪವಾದ್ದರಿಂದ ನಾನು ಅದನ್ನು ಗೌರವದಿಂದಲೇ ಕೇಳುತ್ತೇನೆ. ವಸ್ತುಗಳನ್ನು ಅತಿಯಾಗಿ ಹಚ್ಚಿಕೊಳ್ಳುವುದು ಮೋಹ ಎಂದು ನಮ್ಮ ಧರ್ಮಗ್ರಂಥಗಳೂ ಎಚ್ಚರಿಸುತ್ತವೆ. ಹಾಗಾದರೆ ಈ ಉಪಚಾರ ಬರೀ ದುಡ್ಡು ಉಳಿಸುವ ಜಾಣತನವೇ, ಅಥವಾ ಮೋಹವೇ?

ಎರಡೂ ಅಲ್ಲವೆಂದು ನನಗೆ ತೋರುತ್ತದೆ. ಕಬ್ಬಿಣ ಅಂಗಡಿಯಲ್ಲಿ ಹುಟ್ಟುವುದಿಲ್ಲ. ನಮ್ಮ ಮೂಡಣದ ಘಟ್ಟದ ಮೇಲೆ ಕುದುರೆಮುಖವಿದೆ. ಅಲ್ಲಿ ಅದಿರಿಗಾಗಿ ಗುಡ್ಡಗಳನ್ನು ಕರಗಿಸಿದರು. ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು, ಕರಗಿದ ಗುಡ್ಡ ಮಾತ್ರ ಮರಳಲಿಲ್ಲ. ನಮ್ಮ ಯಂತ್ರದ ಕಬ್ಬಿಣ ಯಾವ ದೇಶದ ಯಾವ ಗುಡ್ಡದ್ದೋ! ಯಾವುದೇ ಆಗಲಿ, ಎಲ್ಲೋ ಒಂದು ಗುಡ್ಡ ಇಷ್ಟು ಸವೆದಿದೆ, ಯಾರೋ ಕುಲುಮೆಯ ಮುಂದೆ ಬೆಂದಿದ್ದಾರೆ, ಯಾವುದೋ ಹುಡುಗಿ ಸಾಲಿನಲ್ಲಿ ನಿಂತು ತಿರುಪು ಬಿಗಿದಿದ್ದಾಳೆ. ನಾನು ಕೊಟ್ಟ ಹಣ ಅಂಗಡಿಯ ಬಾಕಿಯನ್ನು ತೀರಿಸಿತು. ಆ ಗುಡ್ಡದ, ಆ ಕೈಗಳ ಬಾಕಿಗೆ ರಸೀದಿ ಯಾರೂ ಕೊಟ್ಟಿಲ್ಲ. ನಾಲ್ಕು ವರ್ಷದಲ್ಲಿ ಸಾಯಬೇಕಾದದ್ದನ್ನು ಹನ್ನೆರಡು ವರ್ಷ ಬಾಳಿಸಿದರೆ ಆ ಋಣದಲ್ಲಿ ಒಂದಿಷ್ಟು ಸಂದಂತೆ. ಯಂತ್ರಕ್ಕೆ ಜೀವವಿಲ್ಲದಿರಬಹುದು; ಅದರೊಳಗೆ ಅಡಗಿರುವ ದುಡಿಮೆಗೆ ಜೀವವಿತ್ತು.

ನಾವು ಋಣ ತೀರಿಸುವ ಸುಲಭದ ದಾರಿ ಬೇರೆಯೇ ಒಂದಿದೆ. ನವರಾತ್ರಿಯ ಆಯುಧಪೂಜೆಯ ದಿನ ಟಿಲ್ಲರಿಗೆ ಕುಂಕುಮ, ಸೇವಂತಿಗೆ ಮಾಲೆ, ಅಲಗಿನಡಿಗೆ ಲಿಂಬೆಹಣ್ಣು. ಪೂಜೆ ನಾನೂ ಮಾಡುತ್ತೇನೆ, ಬೇಡವೆನ್ನುವವಳಲ್ಲ. ಆದರೆ ಹಣೆಗೆ ಕುಂಕುಮ ಹೊತ್ತ ಯಂತ್ರದ ಫಿಲ್ಟರಿನಲ್ಲಿ ಒಂದು ವರ್ಷದ ಧೂಳು ಕೂತಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಪೂಜೆಗೆ ವರ್ಷಕ್ಕೊಂದು ದಿನ ಸಾಕು. ಉಪಚಾರಕ್ಕೆ ಪ್ರತಿದಿನವೂ ಬೇಕು, ಅದನ್ನು ಯಾರೂ ನೋಡುವುದೂ ಇಲ್ಲ. ಬೇಡದ್ದನ್ನು ಧಾರಾಳವಾಗಿ ಕೊಟ್ಟು, ಬೇಕಾದದ್ದನ್ನು ಮರೆಯುವುದಕ್ಕೆ ಪೂಜೆಯಂಥ ಅನುಕೂಲ ಇನ್ನೊಂದಿಲ್ಲ.

ಓದುತ್ತಿರುವ ನಿಮಗೆ ಈಗ ಬೇರೆ ಏನೋ ನೆನಪಾಗಿರಬಹುದು. "ನಮ್ಮ ಮನೆಯವಳು ಇಷ್ಟು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಇದು ಬೇಕು ಅಂದವಳಲ್ಲ" ಎಂದು ಮದುವೆಮನೆಯಲ್ಲಿ ಹೆಮ್ಮೆಯಿಂದ ಹೇಳುವವರನ್ನು ನೀವೂ ಕೇಳಿರುತ್ತೀರಿ. ಒಳ್ಳೆಯ ಯಂತ್ರವನ್ನು ಹೊಗಳುವ ಮಾತೂ ಇದೇ: "ಹತ್ತು ವರ್ಷದಿಂದ ಒಂದು ಸಲವೂ ರಿಪೇರಿಗೆ ಹೋಗಿಲ್ಲ." ಮಂಡಿನೋವನ್ನು ಮುಚ್ಚಿಟ್ಟು, ರಕ್ತಹೀನತೆಯನ್ನು ಸುಸ್ತು ಎಂದು ಕರೆದು, ಕೊನೆಗೆ ಒಂದೇ ಸಲ ಹಾಸಿಗೆ ಹಿಡಿದ ಹೆಂಗಸರನ್ನು ನನ್ನ ಕೇರಿಯಲ್ಲೇ ಎಣಿಸಬಲ್ಲೆ. ಅವರಿಗೂ ಗೌರಿಹಬ್ಬದ ದಿನ ಬಾಗಿನ ಸಂದಿರುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ನಾವು ಬಿಗಿಯಾಗಿ ಹಿಡಿದುಕೊಳ್ಳಬೇಕು. ಯಂತ್ರದ ಮೌನ ಅದರ ಗುಣ. ನಮ್ಮ ಮೌನ ನಮಗೆ ಕಲಿಸಿದ ಪಾಠ. ಬಾಯಿಲ್ಲದ್ದನ್ನು ಕೇಳದೆಯೇ ನೋಡಿಕೊಳ್ಳುವುದು ಧರ್ಮ. ಬಾಯಿ ಇದ್ದೂ ಯಂತ್ರದಂತೆ ನಿಲ್ಲುವುದು ಮಾತ್ರ ಧರ್ಮವೆಂದು ನಾನು ಒಪ್ಪಲಾರೆ. ಮಗಳಿಗೆ ಮೌನವನ್ನು ಒಡವೆಯಂತೆ ತೊಡಿಸುವ ತಾಯಿ, ಅವಳನ್ನು ನೋಡಿಕೊಳ್ಳಬೇಕಾದವರಿಗೆ ಮರೆಯಲು ಅನುಮತಿ ಬರೆದುಕೊಟ್ಟಂತೆ.

ನಿಜಕ್ಕೂ ಬಾಯಿಲ್ಲದ್ದು ಇನ್ನೊಂದಿದೆ, ಅಲಗಿನ ಕೆಳಗಿನ ಮಣ್ಣು. ಕೋಣ ಹೂಡುವಾಗ ಎರಡು ಸಾಲಿಗೆ ಕೋಣವೂ ದಣಿಯುತ್ತಿತ್ತು, ಹಿಂದಿದ್ದವನೂ ದಣಿಯುತ್ತಿದ್ದ. ಮಣ್ಣಿಗೆ ಬಿಡುವು ತಾನಾಗಿ ಸಿಗುತ್ತಿತ್ತು. ಯಂತ್ರಕ್ಕೆ ದಣಿವಿಲ್ಲ. ಒಂದು ಸಲ ಸಾಲದೆಂದು ಎರಡು ಸಲ, ಚಂದ ಕಾಣಲೆಂದು ಮೂರನೆಯ ಸಲ ತಿರುಗಿಸುವ ಆಸೆ ಹುಟ್ಟುತ್ತದೆ. ಹಾಗೆ ಹಿಟ್ಟಾದ ಮಣ್ಣು ಜೂನಿನ ಮೊದಲ ಜಡಿಮಳೆಗೆ ಕೆಂಪು ನೀರಾಗಿ ತೋಡಿಗೆ ಹೋಗುತ್ತದೆ. ಎರೆಹುಳು ಅಲಗಿಗೆ ಸಿಕ್ಕರೆ ಕೂಗುವುದಿಲ್ಲ. ಜಪಾನಿನ ಫುಕುವೋಕ ನೆಲವನ್ನು ಉಳದೆಯೇ ಬೆಳೆ ತೆಗೆದು ತೋರಿಸಿದವರು. ಅಷ್ಟು ದೂರ ಹೋಗುವ ಧೈರ್ಯ ನನಗಿಲ್ಲ. ಆದರೆ ಹದವಿದ್ದಾಗ ಒಂದೇ ಸಲ, ಬೇಕಾದಷ್ಟೇ ಆಳಕ್ಕೆ, ಉಳಿದ ಕಡೆ ತರಗೆಲೆಯ ಹೊದಿಕೆ ಎಂಬ ನೇಮ ಇಟ್ಟುಕೊಂಡಿದ್ದೇನೆ. ನೋಡಿಕೊಳ್ಳುವುದೆಂದರೆ ಮುಟ್ಟುವುದಷ್ಟೇ ಅಲ್ಲ. ಎಲ್ಲಿ ಮುಟ್ಟಬಾರದೆಂದು ತಿಳಿದಿರುವುದೂ ಹೌದು.

ಕೊನೆಗೆ ಒಡೆತನದ ಮಾತು. ಸಮಾಜವಿಜ್ಞಾನದ ತರಗತಿಯಲ್ಲಿ ನಾನು ಭೂ ಸುಧಾರಣೆಯ ಪಾಠ ಮಾಡುತ್ತೇನೆ. 1951ರ ಕಾಗೋಡು ಸತ್ಯಾಗ್ರಹ, ದೇವರಾಜ ಅರಸರ ಕಾಲ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕಾಯಿದೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಚಾಲಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ತಾವು ದುಡಿದ ನೆಲಕ್ಕೆ ಒಡೆಯರಾದದ್ದು ಸಣ್ಣ ಸಂಗತಿಯಲ್ಲ. 'ಉಳುವವನೇ ಹೊಲದೊಡೆಯ' ಎಂದು ಕರಿಹಲಗೆಯ ಮೇಲೆ ಬರೆದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಟೀಚರ್, ಉಳುವವಳು?" ಹುಡುಗರು ನಕ್ಕರು. ನಾನು ನಗಲಿಲ್ಲ. ನೇಗಿಲು ಮುಟ್ಟಕೂಡದೆಂದು ಹೆಂಗಸರನ್ನು ದೂರವಿಟ್ಟರು. ಆಮೇಲೆ ನೇಗಿಲು ಹಿಡಿದವನ ಹೆಸರಿನಲ್ಲಿ ನ್ಯಾಯದ ಘೋಷಣೆ ಹುಟ್ಟಿತು. ನೆಟ್ಟಿ ನೆಟ್ಟವರು, ಕಳೆ ಕಿತ್ತವರು, ಕೊಯ್ದವರು, ಬೀಜದ ಭತ್ತವನ್ನು ಇಲಿಯಿಂದ ಕಾಪಾಡಿದವರು ಯಾರು? ನಮ್ಮ ನೆರೆಯ ಕೋಟದವರಾದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲತಡಿಯ ಆ ಮನೆಯನ್ನು ಎತ್ತಿಹಿಡಿದವರು ಪಾರೋತಿ, ಸರಸೋತಿ, ನಾಗವೇಣಿಯರೇ ಎಂಬುದನ್ನು ಓದಿದವರೆಲ್ಲ ಬಲ್ಲರು.

ಆ ಹುಡುಗಿಗೆ ನಾನು ಕೊಟ್ಟ ಉತ್ತರ ಪಠ್ಯದಲ್ಲಿಲ್ಲದ್ದು. ದುಡ್ಡು ಕೊಟ್ಟದ್ದರಿಂದ ಒಂದು ಬಗೆಯ ಒಡೆತನ ಬರುತ್ತದೆ, ಅದು ಕಾಗದದ್ದು. ಬಳಸುವುದರಿಂದ ಇನ್ನೊಂದು ಬಗೆಯದು, ಅದು ಅಭ್ಯಾಸದ್ದು. ನೋಡಿಕೊಳ್ಳುವುದರಿಂದ ಬರುವುದು ಮೂರನೆಯದು; ಅದನ್ನು ಯಾರೂ ಕೊಡಲಾರರು, ಕಸಿದುಕೊಳ್ಳಲೂ ಆರರು. ನ್ಯಾಯವಾದ ಮನೆಯಲ್ಲಿ, ನ್ಯಾಯವಾದ ದೇಶದಲ್ಲಿ ಈ ಮೂರೂ ಹತ್ತಿರ ಹತ್ತಿರ ಇರುತ್ತವೆ. ನಮ್ಮಲ್ಲಿ ಅವು ಇನ್ನೂ ಬೇರೆ ಬೇರೆ ಕೋಣೆಗಳಲ್ಲಿವೆ. ಇಷ್ಟು ಹೇಳಿ, ಮುಂದಿನ ಶನಿವಾರ ಕಾರ್ಯಾನುಭವದ ಅವಧಿಯಲ್ಲಿ ಹುಡುಗಿಯರಿಗೆ ಪ್ಲಗ್ಗನ್ನು ಬಿಚ್ಚಿ ಮಸಿ ಒರೆಸಿ ಜೋಡಿಸುವುದನ್ನು ಕಲಿಸಿದೆ. ತಾನು ಬಳಸುವುದನ್ನು ತಾನೇ ಬಿಚ್ಚಿ ಜೋಡಿಸಬಲ್ಲವಳನ್ನು ಅಂಗಡಿಯವನು ಪಕ್ಕಕ್ಕೆ ಸರಿಸಿ ಮಾತಾಡುವುದು ಸುಲಭವಲ್ಲ.

ಪಹಣಿಯ ಕಾಲಂ ಬದಲಾಗಲು ಕಾನೂನು ಬೇಕು, ಕಚೇರಿ ಬೇಕು, ರುಜು ಮೊಹರು ಬೇಕು. ಮನೆಯೊಳಗಿನ ಲೆಕ್ಕ ಸರಿಯಾಗಲು ಅಷ್ಟೆಲ್ಲ ಬೇಡ. ಇಲ್ಲಿ ಬಾಯಿಲ್ಲದ್ದು ಯಾವುದು, ಬಾಯಿ ಇದ್ದೂ ಸುಮ್ಮನಿರುವವರು ಯಾರು, ಯಾವುದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಒಂದು ಸಂಜೆ ಎಲ್ಲರೂ ಕೂತು ಎಣಿಸಿದರೆ ಸಾಕು.